ಲೂಟಿಯಾದದ್ದು ಏನೆಂದು ಹೇಳಬಲ್ಲವರು ಯಾರು?

ತಂಜಾವೂರಿನ ವಸ್ತುಸಂಗ್ರಹಾಲಯದಲ್ಲಿ ಕಲ್ಲಿನ ಒಬ್ಬ ದ್ವಾರಪಾಲಕನಿದ್ದಾನೆ. ಸುತ್ತಲಿನ ಚೋಳ ಶಿಲ್ಪಗಳ ನಡುವೆ ಅವನ ಮೈಕಟ್ಟೂ ಒಡವೆಯ ಕೆತ್ತನೆಯೂ ಬೇರೆಯೇ ಆಗಿ ಕಾಣುತ್ತವೆ, ಏಕೆಂದರೆ ಅವನು ಚಾಲುಕ್ಯರ ನಾಡಿನವನು. ಪೀಠದ ಮೇಲೆ ಒಂದೇ ಸಾಲಿನ ತಮಿಳು ಬರಹವಿದೆ. ವಿಜಯರಾಜೇಂದ್ರದೇವನು ಕಲ್ಯಾಣಪುರವನ್ನು ಸುಟ್ಟು ತಂದ ದ್ವಾರಪಾಲಕ ಎಂಬುದು ಅದರ ಅರ್ಥ. ವಿಜಯರಾಜೇಂದ್ರ ಎಂದರೆ ಚೋಳ ರಾಜಾಧಿರಾಜ. ಕಲ್ಯಾಣಪುರವೆಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಕಾಲ ಹನ್ನೊಂದನೆಯ ಶತಮಾನದ ನಡುಭಾಗ. ಈ ಶಿಲ್ಪ ಬಹುಕಾಲ ದಾರಾಸುರದ ದೇವಾಲಯದಲ್ಲಿದ್ದು, ಆಮೇಲೆ ತಂಜಾವೂರಿಗೆ ಬಂತು. ಊರನ್ನು ಸುಟ್ಟ ಸಂಗತಿಯನ್ನು ಮುಚ್ಚಿಡುವ ಅಗತ್ಯ ಆ ಅರಸನಿಗೆ ಕಾಣಲಿಲ್ಲ. ಅದನ್ನು ಕಲ್ಲಿನಲ್ಲೇ ಕೊರೆಸಿದ. ಹಾಗೆ ಕೊರೆಸಿದ್ದರಿಂದಲೇ ಸಾವಿರ ವರ್ಷವಾದ ಮೇಲೂ ಆ ದ್ವಾರಪಾಲಕ ಎಲ್ಲಿಯವನೆಂದು ನಾವು ಅನುಮಾನವಿಲ್ಲದೆ ಹೇಳಬಲ್ಲೆವು.

ಕೋಲಾರದಲ್ಲಿ ಬದುಕುವ ನನಗೆ ಈ ಸಂಗತಿ ದೂರದ್ದೆಂದು ಅನ್ನಿಸಿಲ್ಲ. ರಾಜಾಧಿರಾಜನ ತಂದೆ ರಾಜೇಂದ್ರ ಚೋಳನ ಕಾಲದ ತಮಿಳು ಶಾಸನಗಳು ನಮ್ಮ ಕೋಲಾರಮ್ಮನ ಗುಡಿಯ ಗೋಡೆಯಲ್ಲೇ ಇವೆ. ಗಂಗರು ತಮ್ಮನ್ನು 'ಕುವಳಾಲ ಪುರವರೇಶ್ವರ, ನಂದಗಿರಿನಾಥ' ಎಂದು ಕರೆದುಕೊಂಡದ್ದು ಈ ಕೋಲಾರದ ಮತ್ತು ಚಿಕ್ಕಬಳ್ಳಾಪುರದ ನಂದಿಯ ಹೆಸರಿನಲ್ಲಿ. ಗಂಗರು, ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದವರು, ಮರಾಠರು, ಮೊಗಲರು, ಹೈದರ್ ಮತ್ತು ಟಿಪ್ಪು, ಕೊನೆಗೆ ಇಂಗ್ಲಿಷರು, ಹೀಗೆ ಘಟ್ಟದ ಕೆಳಗಿನಿಂದ ಮೇಲಕ್ಕೂ ಮೇಲಿನಿಂದ ಕೆಳಕ್ಕೂ ಸೈನ್ಯಗಳು ಹಾದುಹೋದ ದಾರಿಯಲ್ಲಿ ನಮ್ಮ ಜಿಲ್ಲೆಗಳಿವೆ. 1791ರ ಆರಂಭದಲ್ಲಿ ಟಿಪ್ಪುವಿನ ವಿರುದ್ಧ ಹೊರಟ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರಿಗೆ ಹೋದದ್ದು ಮುಳಬಾಗಿಲು ಮತ್ತು ಕೋಲಾರದ ಮೂಲಕ. ಅದೇ ವರ್ಷದ ಅಕ್ಟೋಬರ್ 19ರಂದು ನಂದಿದುರ್ಗ ಅವನ ಪಾಲಾಯಿತು.

ಯುದ್ಧಕಾಲದ ಲೂಟಿಯ ಬಗ್ಗೆ ಮಾತನಾಡುವಾಗ ನಮ್ಮಲ್ಲಿ ಹೆಚ್ಚಿನವರು ಒಂದು ಪಕ್ಷವನ್ನು ಆರಿಸಿಕೊಂಡುಬಿಡುತ್ತಾರೆ. ಯಾರ ಸೈನ್ಯ ಯಾವ ಗುಡಿಯನ್ನು ಒಡೆಯಿತು ಎಂಬ ಲೆಕ್ಕದಲ್ಲೇ ಚರ್ಚೆ ಮುಗಿಯುತ್ತದೆ. ಆದರೆ ಕೃಷ್ಣದೇವರಾಯನೂ ಉದಯಗಿರಿಯ ಕೋಟೆಯನ್ನು ಗೆದ್ದ ಮೇಲೆ ಅಲ್ಲಿನ ಬಾಲಕೃಷ್ಣನ ವಿಗ್ರಹವನ್ನು ಹಂಪಿಗೆ ತಂದು, 1515ರಲ್ಲಿ ಕೃಷ್ಣ ದೇವಾಲಯದಲ್ಲಿ ಪ್ರತಿಷ್ಠಾಪಿಸಿದ. ಅದನ್ನು ಅಲ್ಲಿನ ಶಾಸನವೇ ಹೇಳುತ್ತದೆ. ಐವತ್ತು ವರ್ಷಗಳಾದ ಮೇಲೆ, 1565ರಲ್ಲಿ, ಹಂಪಿಯೇ ಹಾಳಾಯಿತು. ಗೆದ್ದವರು ಸೋತವರ ದೇವರನ್ನೂ ಸಿಂಹಾಸನವನ್ನೂ ಪುಸ್ತಕವನ್ನೂ ಹೊತ್ತೊಯ್ಯುವುದು ಯಾವ ಒಂದು ಧರ್ಮದ, ಯಾವ ಒಂದು ಭಾಷೆಯ ಜನರ ಗುತ್ತಿಗೆಯೂ ಆಗಿರಲಿಲ್ಲ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಹೋದದ್ದರಲ್ಲಿ ಕೆಲವು ಮರಳಿ ಬಂದವು, ಕೆಲವು ಎಲ್ಲಿವೆ ಎಂದಾದರೂ ಗೊತ್ತಿದೆ, ಮಿಕ್ಕವು ಇದ್ದವು ಎಂಬುದೇ ಯಾರಿಗೂ ಗೊತ್ತಿಲ್ಲ. ಈ ವ್ಯತ್ಯಾಸ ಎಲ್ಲಿಂದ ಬಂತು? ಓದುತ್ತ ಹೋದಂತೆ ನನಗೆ ಗಟ್ಟಿಯಾದ ಉತ್ತರ ಇದು: ಏನಿತ್ತು, ಎಲ್ಲಿತ್ತು, ಹೇಗಿತ್ತು ಎಂದು ಯಾರಾದರೂ ಮೊದಲೇ ಬರೆದಿಟ್ಟಿದ್ದರೇ ಇಲ್ಲವೇ ಎಂಬುದರಿಂದ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ರಾತ್ರಿ ಸೈನಿಕರು ಊರನ್ನು ಸೂರೆಗೊಂಡರು. ಮರುದಿನ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ನಾಲ್ವರನ್ನು ಗಲ್ಲಿಗೇರಿಸಿ, ಹಲವರಿಗೆ ಚಾಟಿಯೇಟು ಕೊಡಿಸಿ ಅದನ್ನು ನಿಲ್ಲಿಸಿದ. ಆಮೇಲೆ ನಡೆದದ್ದು ಮತ್ತೊಂದು ಬಗೆಯ ಲೂಟಿ. ಪ್ರೈಜ್ ಕಮಿಟಿ ಎಂಬ ಅಧಿಕಾರಿಗಳ ಮಂಡಳಿಯೊಂದು ಕುಳಿತು ಅರಮನೆಯ ಒಡವೆ, ಬಟ್ಟೆ, ಆಯುಧಗಳಿಗೆ ಬೆಲೆ ಕಟ್ಟಿತು. ಹುದ್ದೆಗೆ ತಕ್ಕಂತೆ ಪಾಲು ಹಂಚಿಕೆಯಾಗಿ, ಸೇನಾಧಿಪತಿ ಹ್ಯಾರಿಸನಿಗೆ ಒಂದು ಲಕ್ಷ ಪೌಂಡಿಗೂ ಮಿಕ್ಕ ಹಣ ಸಿಕ್ಕಿತು. ಟಿಪ್ಪುವಿನ ಚಿನ್ನದ ತಗಡು ಹೊದಿಸಿದ ಸಿಂಹಾಸನವನ್ನು ಹಂಚಿಕೆಯ ಅನುಕೂಲಕ್ಕಾಗಿ ತುಂಡು ತುಂಡಾಗಿ ಒಡೆದರು. ಅದರ ದೊಡ್ಡ ಹುಲಿತಲೆಯೂ ಛತ್ರದ ಮೇಲಿದ್ದ ರತ್ನಖಚಿತ ಹುಮಾ ಪಕ್ಷಿಯೂ ಇಂಗ್ಲೆಂಡಿನ ರಾಜಮನೆತನದ ಸಂಗ್ರಹ ಸೇರಿದವು. ಅಂಚಿನ ಚಿಕ್ಕ ಹುಲಿತಲೆಗಳು ಚದುರಿಹೋದವು. ಅವುಗಳಲ್ಲೊಂದು ವೇಲ್ಸಿನ ಪೋವಿಸ್ ಕೋಟೆಯಲ್ಲಿದೆ. ಬಿಳಿಯ ಸೈನಿಕನ ಮೇಲೆ ಎರಗಿದ ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಒಡೆದು ಹಂಚಿಕೊಂಡವರೇ ದಾಖಲೆ ಇಟ್ಟಿದ್ದರಿಂದ ಇಂದು ಆ ಸಿಂಹಾಸನದ ಚೂರುಗಳನ್ನು ಹುಡುಕಿ ಗುರುತಿಸುವುದು ಸಾಧ್ಯವಾಗಿದೆ. ಅದೇ ರಾತ್ರಿ ಊರಿನ ಸಾಮಾನ್ಯರ ಮನೆಗಳಿಂದ ಹೋದ ಒಡವೆಗೂ ಪೂಜೆಯ ಪಾತ್ರೆಗೂ ಅಂಥ ದಾಖಲೆಯಿಲ್ಲ, ಆದ್ದರಿಂದ ಅವುಗಳ ಬಗ್ಗೆ ಯಾರೂ ಕೇಳುವುದೂ ಇಲ್ಲ. ಇದು ನನಗೆ ಬಹಳ ನೋವು ಕೊಡುವ ಸಂಗತಿ.

ಟಿಪ್ಪುವಿನ ಗ್ರಂಥಭಂಡಾರದ ಕಥೆ ಇನ್ನೂ ಸಿಕ್ಕುಸಿಕ್ಕಾದದ್ದು. ಸುಮಾರು 2000 ಹಸ್ತಪ್ರತಿಗಳಿದ್ದ ಆ ಭಂಡಾರ ಕಲ್ಕತ್ತೆಗೂ ಲಂಡನ್ನಿಗೂ ಹಂಚಿಹೋಯಿತು. ಚಾರ್ಲ್ಸ್ ಸ್ಟೀವರ್ಟ್ ಎಂಬ ವಿದ್ವಾಂಸ 1809ರಲ್ಲಿ ಅದರ ಸೂಚಿಯನ್ನು ಅಚ್ಚು ಹಾಕಿಸಿದ. ಈ ಪುಸ್ತಕಗಳಲ್ಲಿ ದುಡ್ಡು ಕೊಟ್ಟು ಕೊಂಡವು ಬಹಳ ಕಡಿಮೆ, ಹೆಚ್ಚಿನವು ಸವಣೂರು, ಕಡಪ ಮತ್ತು ಕರ್ನಾಟಿಕ್ (ಆರ್ಕಾಟಿನ ನವಾಬರ ಸೀಮೆ) ಪ್ರಾಂತಗಳಿಂದ ಸೂರೆಯಾಗಿ ಬಂದವು ಎಂದು ಅವನು ಅಲ್ಲಿಯೇ ಬರೆದಿದ್ದಾನೆ. ಹಾಗಾದರೆ ಇವುಗಳನ್ನು ಎಲ್ಲಿಗೆ ಮರಳಿಸಬೇಕು? ಮೈಸೂರಿಗೋ, ಸವಣೂರಿಗೋ, ಅದಕ್ಕೂ ಹಿಂದೆ ಅವುಗಳನ್ನು ಬರೆಸಿದವರ ಊರಿಗೋ? ಈ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಆದರೆ ಪ್ರಶ್ನೆಯನ್ನು ಕೇಳುವುದಕ್ಕಾದರೂ ಒಂದು ಸೂಚಿ ಬೇಕಾಯಿತು ಎಂಬುದನ್ನು ಗಮನಿಸಬೇಕು.

ನಂದಿದುರ್ಗ ಬಿದ್ದ 1791ರಲ್ಲೇ ಶೃಂಗೇರಿಯ ಮಠವೂ ಸೂರೆಯಾಯಿತು. ಇಂಗ್ಲಿಷರ ಮಿತ್ರರಾಗಿ ಯುದ್ಧಕ್ಕಿಳಿದಿದ್ದ ಮರಾಠರ ಕಡೆಯ ಪಟವರ್ಧನರ ಕುದುರೆ ದಂಡು ಮಠಕ್ಕೆ ನುಗ್ಗಿ ಜನರನ್ನು ಕೊಂದು, ಶಾರದೆಯ ವಿಗ್ರಹವನ್ನು ಸ್ಥಾನದಿಂದ ಕದಲಿಸಿ, ಇದ್ದದ್ದನ್ನೆಲ್ಲ ಹೊತ್ತೊಯ್ದಿತು. ಸ್ವಾಮಿಗಳು ಟಿಪ್ಪುವಿಗೆ ಬರೆದರು. ಅವನು ಕನ್ನಡದಲ್ಲಿ ಉತ್ತರ ಬರೆದು, ಮರುಪ್ರತಿಷ್ಠೆಗೆ ಹಣವನ್ನೂ ಸಾಮಗ್ರಿಯನ್ನೂ ಒದಗಿಸಲು ನಗರದ, ಅಂದರೆ ಬಿದನೂರಿನ, ಅಧಿಕಾರಿಗೆ ಆಜ್ಞೆ ಮಾಡಿದ. 'ಹಸದ್ಭಿಃ ಕ್ರಿಯತೇ ಕರ್ಮ ರುದದ್ಭಿರನುಭೂಯತೇ', ನಗುತ್ತ ಮಾಡಿದ ಕರ್ಮವನ್ನು ಅಳುತ್ತ ಅನುಭವಿಸುತ್ತಾರೆ, ಎಂಬ ಸಂಸ್ಕೃತದ ಮಾತು ಆ ಪತ್ರದಲ್ಲಿದೆ. ಇದೆಲ್ಲ ನಮಗೆ ತಿಳಿದದ್ದು 1916ರಲ್ಲಿ, ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಮಠದಲ್ಲಿದ್ದ ಪತ್ರಗಳನ್ನು ಪರಿಶೀಲಿಸಿದಾಗ. ಆ ಮಠದಲ್ಲಿ ಲೆಕ್ಕಪತ್ರ ಇಡುತ್ತಿದ್ದದ್ದು ಕಡತಗಳಲ್ಲಿ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಲಿನ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುವ ಕಪ್ಪು ಪುಸ್ತಕಗಳವು. ಚಿನ್ನ ಬೆಳ್ಳಿಯನ್ನು ಅರಸುತ್ತ ಬಂದ ದಂಡಿಗೆ ಇಂಥ ಬರಹದಿಂದ ಆಗಬೇಕಾದದ್ದೇನೂ ಇರುವುದಿಲ್ಲ. ಮಠದ ಆ ಕಾಲದ ವ್ಯವಹಾರವನ್ನು ಇಂದು ನಾವು ಓದುವುದು ಆ ಬರಹದಲ್ಲೇ.

ಯುದ್ಧದಲ್ಲಿ ಕಲಾವಸ್ತುಗಳನ್ನು ಮುಟ್ಟಬಾರದೆಂಬ ಕಾನೂನು ಬಹಳ ತಡವಾಗಿ ಬಂತು. 1899 ಮತ್ತು 1907ರ ಹೇಗ್ ಒಪ್ಪಂದಗಳು ಸೂರೆಯನ್ನು ನಿಷೇಧಿಸಿದರೂ ಎರಡು ಮಹಾಯುದ್ಧಗಳು ಅವನ್ನು ಕಾಗದದಲ್ಲೇ ಉಳಿಸಿದವು. 1954ರ ಮೇ 14ರಂದು ಹೇಗ್‌ನಲ್ಲಿ ಸಾಂಸ್ಕೃತಿಕ ಸ್ವತ್ತಿನ ರಕ್ಷಣೆಗೆಂದೇ ಒಂದು ಒಪ್ಪಂದವಾಗಿ, ನೀಲಿ ಬಿಳಿ ಗುರಾಣಿಯ ಗುರುತು ಬಳಕೆಗೆ ಬಂತು. ಭಾರತ 1958ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಆ ಒಪ್ಪಂದದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಮೂರನೆಯ ವಿಧಿ: ರಕ್ಷಣೆಯ ಸಿದ್ಧತೆಯನ್ನು ಶಾಂತಿಕಾಲದಲ್ಲೇ ಮಾಡಿಕೊಳ್ಳಬೇಕು ಎನ್ನುತ್ತದೆ ಅದು. ಆ ಸಿದ್ಧತೆ ಏನೆಂಬುದನ್ನು 1999ರ ಎರಡನೆಯ ಪ್ರೋಟೋಕಾಲ್ ಎಂಬ ಪೂರಕ ಒಪ್ಪಂದ ಬಿಡಿಸಿ ಹೇಳುವಾಗ ಮೊದಲು ಹೆಸರಿಸುವುದು ಪಟ್ಟಿಯ ತಯಾರಿಯನ್ನು.

ಪ್ಯಾರಿಸ್ಸಿನ ಜ್ಯು ದ ಪೋಮ್ ಮ್ಯೂಸಿಯಮ್ಮನ್ನು ನಾತ್ಸಿಗಳು ಯೆಹೂದಿ ಕುಟುಂಬಗಳಿಂದ ಕಿತ್ತುಕೊಂಡ ಚಿತ್ರಗಳ ಗೋದಾಮಾಗಿ ಬಳಸಿದರು. ಅಲ್ಲಿ ಕೆಲಸಕ್ಕಿದ್ದ ರೋಸ್ ವಾಲಾಂ ಎಂಬ ಮಹಿಳೆಗೆ ಜರ್ಮನ್ ಬರುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಅಧಿಕಾರಿಗಳ ಮಾತನ್ನು ಕೇಳಿಸಿಕೊಂಡು, ಯಾವ ಪೆಟ್ಟಿಗೆ ಯಾವ ಊರಿಗೆ ಹೋಯಿತೆಂದು ಅವರು ನಾಲ್ಕು ವರ್ಷ ಗುಟ್ಟಾಗಿ ಟಿಪ್ಪಣಿ ಮಾಡಿಟ್ಟುಕೊಂಡರು. ಸಿಕ್ಕಿಬಿದ್ದಿದ್ದರೆ ಜೀವ ಹೋಗುತ್ತಿತ್ತು. ಯುದ್ಧ ಮುಗಿದಾಗ ಬವೇರಿಯಾದ ನಾಯ್‌ಶ್ವಾನ್‌ಸ್ಟೈನ್ ಕೋಟೆಯಲ್ಲಿ ಸಾವಿರಾರು ವಸ್ತುಗಳು ಸಿಕ್ಕಿದ್ದು ಅವರ ಟಿಪ್ಪಣಿಗಳ ಸುಳಿವಿನಿಂದ.

ಈ ಯುದ್ಧದ ಇನ್ನೊಂದು ಪ್ರಸಂಗದಲ್ಲಿ ನಮ್ಮ ಕಡೆಯವರೂ ಇದ್ದಾರೆ, ಇದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ. ಫ್ಲಾರೆನ್ಸಿನ ಉಫೀತ್ಸಿ ಗ್ಯಾಲರಿಯ ಚಿತ್ರಗಳನ್ನು ಬಾಂಬಿಗೆ ಹೆದರಿ ಸುತ್ತಲಿನ ಹಳ್ಳಿಗಳ ಬಂಗಲೆಗಳಿಗೆ ಸಾಗಿಸಿದ್ದರು. 1944ರ ಬೇಸಗೆಯಲ್ಲಿ ಯುದ್ಧದ ಗಡಿ ಆ ಹಳ್ಳಿಗಳ ಮೇಲೇ ಬಂತು. ಉಫೀತ್ಸಿಯ ಗ್ರಂಥಪಾಲಕ ಚೆಸಾರೆ ಫಾಸೋಲಾ ಗುಂಡಿನ ನಡುವೆ ನಡೆದುಕೊಂಡೇ ಮಾಂಟೆಗುಫೋನಿ ಎಂಬ ಕೋಟೆಮನೆಗೆ ಹೋಗಿ ಚಿತ್ರಗಳ ಬಳಿ ಉಳಿದರು. ಕೆಲ ದಿನಗಳಲ್ಲಿ ಅಲ್ಲಿಗೆ ಬಂದದ್ದು ಭಾರತದ ಎಂಟನೆಯ ಡಿವಿಜನ್ನಿನ ಮರಾಠಾ ಲೈಟ್ ಇನ್‌ಫೆಂಟ್ರಿಯ ಸೈನಿಕರು. ಆ ಪಡೆಯ ಕೇಂದ್ರ ನಮ್ಮ ಬೆಳಗಾವಿಯಲ್ಲಿದೆ. ಬೊಟಿಚೆಲ್ಲಿಯ ವಸಂತದ ಚಿತ್ರವೂ ಜೊಟ್ಟೋ ಬರೆದ ಮಾತೆ ಮೇರಿಯ ಚಿತ್ರವೂ ಗೋಡೆಗೆ ಒರಗಿಸಿಟ್ಟಿದ್ದ ಆ ಕೋಣೆಗಳಿಗೆ ಅವರು ಕಾವಲು ನಿಂತರು. ತಮ್ಮ ದೇಶವೇ ಪರಾಧೀನವಾಗಿದ್ದಾಗ, ತಮ್ಮ ನಾಡಿನ ಸಿಂಹಾಸನದ ಚೂರುಗಳು ಇಂಗ್ಲೆಂಡಿನ ಗಾಜಿನ ಪೆಟ್ಟಿಗೆಯಲ್ಲಿದ್ದಾಗ, ಅವರು ಇನ್ನೊಬ್ಬರ ಸೊತ್ತನ್ನು ಕಾದರು. ಆ ಸೈನಿಕರ ಬಗ್ಗೆ ನನಗೆ ಬಹಳ ಗೌರವ.

ಬಗ್ದಾದಿನ ಉದಾಹರಣೆ ನನ್ನ ಮಾತಿಗೆ ಎಲ್ಲಕ್ಕಿಂತ ಹತ್ತಿರದ್ದು. 2003ರ ಯುದ್ಧಕ್ಕೆ ಮುಂಚೆ ಅಲ್ಲಿನ ರಾಷ್ಟ್ರೀಯ ಮ್ಯೂಸಿಯಮ್ಮಿನ ನೌಕರರು ಪ್ರದರ್ಶನದಲ್ಲಿದ್ದ 8,366 ವಸ್ತುಗಳನ್ನು ಒಂದು ಗುಪ್ತ ಸ್ಥಳಕ್ಕೆ ಸಾಗಿಸಿ, ಆ ಜಾಗವನ್ನು ಯಾರಿಗೂ ಹೇಳುವುದಿಲ್ಲವೆಂದು ಕುರಾನ್ ಮುಟ್ಟಿ ಆಣೆ ಮಾಡಿದರು. ಏಪ್ರಿಲ್ ಎರಡನೆಯ ವಾರದಲ್ಲಿ ಮ್ಯೂಸಿಯಮ್ ಲೂಟಿಯಾಗಿ ಸುಮಾರು 15,000 ವಸ್ತುಗಳು ಹೋದವು; ಗುಪ್ತ ಸ್ಥಳದಲ್ಲಿದ್ದವು ಉಳಿದವು. ಹೋದವುಗಳಲ್ಲಿ ಐದು ಸಾವಿರ ವರ್ಷ ಹಳೆಯದಾದ ಉರುಕ್ ನಗರದ ಕಲ್ಲಿನ ಹೂಜಿಯೂ ಇತ್ತು. ಜೂನ್ ತಿಂಗಳಲ್ಲಿ ಅದನ್ನು ಯಾರೋ ಕಾರಿನಲ್ಲಿ ತಂದು ಒಪ್ಪಿಸಿ ಹೋದರು. ಮ್ಯೂಸಿಯಮ್ಮಿನ ವಸ್ತುಗಳಿಗೆ ನೋಂದಣಿ ಸಂಖ್ಯೆಯಿತ್ತು, ಫೋಟೋ ಇತ್ತು, ವಿದ್ವಾಂಸರ ಲೇಖನಗಳಲ್ಲಿ ವಿವರಣೆಯಿತ್ತು. ಅಂಥದ್ದನ್ನು ಮಾರಲು ಹೊರಟವನು ಸಿಕ್ಕಿಬೀಳುವ ಸಂಭವ ಹೆಚ್ಚು. ಅದೇ ವರ್ಷ ದಕ್ಷಿಣ ಇರಾಕಿನ ಉಮ್ಮಾ, ಇಸಿನ್ ಮೊದಲಾದ ಹಾಳೂರುಗಳಲ್ಲಿ ಜನ ರಾತ್ರಿ ಹಗಲು ಗುಂಡಿ ತೋಡಿ ಮಣ್ಣಿನ ಫಲಕಗಳನ್ನೂ ಮುದ್ರೆಗಳನ್ನೂ ತೆಗೆದು ಮಾರಿದರು. ಅವುಗಳನ್ನು ಅದುವರೆಗೆ ಯಾವ ವಿದ್ವಾಂಸನೂ ನೋಡಿರಲಿಲ್ಲ, ಯಾರ ಪುಸ್ತಕದಲ್ಲೂ ಅವುಗಳ ಹೆಸರಿರಲಿಲ್ಲ. ಕೊಂಡವನ ಮನೆಯಲ್ಲಿ ಅಂಥದ್ದೊಂದು ಸಿಕ್ಕರೂ ಇದು ನಮ್ಮದು ಎಂದು ತೋರಿಸಲು ಇರಾಕಿನ ಬಳಿ ಒಂದು ಚೀಟಿಯೂ ಇರಲಿಲ್ಲ. ಮ್ಯೂಸಿಯಮ್ಮಿನ ಲೂಟಿ ಪ್ರಪಂಚಕ್ಕೆಲ್ಲ ಸುದ್ದಿಯಾಯಿತು. ಬಯಲಿನ ಲೂಟಿಯಿಂದಾದ ನಷ್ಟವೇ ದೊಡ್ಡದೆಂದು ನನ್ನ ಭಾವನೆ.

ಕಾಬೂಲಿನಲ್ಲಿಯೂ ಹೀಗೆಯೇ. ಉತ್ತರ ಅಫ್ಘಾನಿಸ್ತಾನದ ತಿಲ್ಯಾ ತೆಪೆ ಎಂಬಲ್ಲಿ 1978ರಲ್ಲಿ ಅಗೆದು ತೆಗೆದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಚಿನ್ನದ ಒಡವೆಗಳನ್ನು ಮ್ಯೂಸಿಯಮ್ಮಿನವರು ಅರಮನೆಯ ಆವರಣದಲ್ಲಿದ್ದ ಬ್ಯಾಂಕಿನ ನೆಲಮಾಳಿಗೆಯಲ್ಲಿ ಅಡಗಿಸಿಟ್ಟು, ತಾಲಿಬಾನರ ಕಾಲದುದ್ದಕ್ಕೂ ಬಾಯಿ ಬಿಡಲಿಲ್ಲ. 2004ರಲ್ಲಿ ಪೆಟ್ಟಿಗೆ ತೆರೆದಾಗ, ಇವು ನಿಜವಾದವೇ ನಕಲಿಯೇ ಎಂದು ನೋಡಲು ಅಗೆತದ ಮುಖ್ಯಸ್ಥರಾಗಿದ್ದ ವಿಕ್ತೋರ್ ಸಾರಿಯಾನಿದಿ ಬಂದರು. ಒಂದು ಒಡವೆಗೆ ತಾವೇ ಸುತ್ತಿದ್ದ ತಂತಿಯ ಸಣ್ಣ ದುರಸ್ತಿಯನ್ನು ಕಂಡು ಅವರು ಅದನ್ನು ಗುರುತಿಸಿದರು.

ಪಟ್ಟಿ ಮಾಡಿದರೆ ಕಳ್ಳನಿಗೇ ದಾರಿ ತೋರಿಸಿದಂತಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಈ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ಯಾರ ಮನೆಯಲ್ಲಿ ಯಾವ ಚಿತ್ರವಿದೆಯೆಂದು ನಾತ್ಸಿಗಳೂ ಪಟ್ಟಿ ಮಾಡಿಕೊಂಡೇ ಹೊರಟಿದ್ದರು. ಬರೆದಿಟ್ಟದ್ದು ಒಂದೇ ಕಟ್ಟಡದಲ್ಲಿದ್ದರೆ ವಸ್ತುವಿನ ಜೊತೆಗೆ ಅದೂ ಸುಡುತ್ತದೆ ಎಂಬುದೂ ಅಷ್ಟೇ ನಿಜ. 1992ರ ಮೇ 17ರಂದು ಬಾಸ್ನಿಯಾದ ರಾಜಧಾನಿ ಸರಯೇವೊದ ಪೌರಸ್ತ್ಯ ಅಧ್ಯಯನ ಸಂಸ್ಥೆಯ ಮೇಲೆ ಬೆಂಕಿಯ ಶೆಲ್ ಬಿದ್ದು ಐದು ಸಾವಿರಕ್ಕೂ ಹೆಚ್ಚು ಹಸ್ತಪ್ರತಿಗಳು ಬೂದಿಯಾದವು. ಆಗಸ್ಟಿನಲ್ಲಿ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯವೂ ಸುಟ್ಟಿತು. ಆಮೇಲೆ ವಿದ್ವಾಂಸರು ಹಿಂದೆ ಅಲ್ಲಿಗೆ ಬಂದು ಓದಿದ್ದ ಹೊರದೇಶದವರನ್ನು ಹುಡುಕಿ, ಅವರ ಬಳಿಯಿದ್ದ ಫೋಟೋ ಪ್ರತಿಗಳನ್ನೂ ಮೈಕ್ರೋಫಿಲ್ಮುಗಳನ್ನೂ ಒಟ್ಟುಮಾಡಲು ತೊಡಗಿದರು. ಸಿಕ್ಕದ್ದು ಸ್ವಲ್ಪವೇ. ಆದರೆ ಆ ಸ್ವಲ್ಪವೂ ಸಿಕ್ಕಿದ್ದು ಪ್ರತಿ ಬೇರೆ ಊರಿನಲ್ಲಿದ್ದುದರಿಂದ.

ನಮ್ಮ ಜಿಲ್ಲೆಗಳ ಮಟ್ಟಿಗೆ ಇಂಥ ಪಟ್ಟಿಯೊಂದು ನೂರಕ್ಕೂ ಹೆಚ್ಚು ವರ್ಷಗಳಿಂದ ಇದೆ ಎಂಬುದು ನಮ್ಮ ಪುಣ್ಯ. ಮೈಸೂರು ಪುರಾತತ್ವ ಇಲಾಖೆಯ ಬಿ. ಎಲ್. ರೈಸ್ ಅವರು ಹೊರತಂದ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನಸಂಗ್ರಹದ ಹನ್ನೆರಡನೆಯ ಸಂಪುಟ, ತುಮಕೂರು ಜಿಲ್ಲೆಯದು, 1904ರಲ್ಲಿ ಬಂತು. ಹತ್ತನೆಯ ಸಂಪುಟ, ಕೋಲಾರದ್ದು, 1905ರಲ್ಲಿ ಬಂತು. ಆಗ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ; ಆದ್ದರಿಂದ ಬಾಗೇಪಲ್ಲಿ, ಗೌರಿಬಿದನೂರು, ಶಿಡ್ಲಘಟ್ಟಗಳ ಕಲ್ಲುಗಳೂ ಅದರಲ್ಲೇ ಇವೆ. ಇಲಾಖೆಯವರು ಊರೂರು ಸುತ್ತಿ ಅಚ್ಚು ತೆಗೆದರು. ಕಲ್ಲನ್ನು ಗಡುಸು ಬ್ರಶ್ಶಿನಿಂದ ತಿಕ್ಕಿ ತೊಳೆದು, ನೆನೆಸಿದ ಕಾಗದವನ್ನು ಅದರ ಮೇಲೆ ಹರಡಿ, ಕಾಗದ ಅಕ್ಷರದ ಕುಳಿಯೊಳಗೆ ಇಳಿಯುವವರೆಗೆ ಬ್ರಶ್ಶಿನಿಂದ ಬಡಿದು, ಅರೆ ಒಣಗಿದ ಮೇಲೆ ಮಸಿಯುಂಡೆಯಿಂದ ಒತ್ತುತ್ತ ಹೋದರೆ ಕಪ್ಪು ನೆಲದಲ್ಲಿ ಅಕ್ಷರಗಳು ಬೆಳ್ಳಗೆ ಉಳಿಯುತ್ತವೆ. ತಾಲೂಕುವಾರು ಸಂಖ್ಯೆ, ಊರಿನ ಹೆಸರು, ಕಲ್ಲು ನಿಂತ ಜಾಗ, ಪಾಠ, ಎಲ್ಲವೂ ಆ ಸಂಪುಟಗಳಲ್ಲಿವೆ.

ಆ ಸಂಪುಟದ ಪ್ರತಿಯನ್ನು ಹಿಡಿದು ನಾನೂ ಕೆಲವು ಗೆಳೆಯರೂ ಮುಳಬಾಗಿಲು ತಾಲೂಕಿನ ಹಳ್ಳಿಗಳಲ್ಲಿ ಕಲ್ಲುಗಳನ್ನು ತಾಳೆ ನೋಡುತ್ತಿದ್ದೇವೆ. ಒಂದು ಊರಿನ ಕೆರೆ ಏರಿಯ ಮೇಲೆ ವೀರಗಲ್ಲೊಂದು ಸಿಕ್ಕಿತು. ಎಣ್ಣೆ ಕುಡಿದು ಕಪ್ಪಾದ ಕಲ್ಲು. ಕೆಳಗಿನ ಹಂತದಲ್ಲಿ ತುರುಗಳ ಸಾಲು ಮತ್ತು ಬಿಲ್ಲು ಹಿಡಿದವರು, ನಡುವೆ ವೀರನನ್ನು ತೋಳು ಹಿಡಿದು ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ. ಟಾರ್ಚನ್ನು ಪಕ್ಕದಿಂದ ಹಿಡಿದಾಗ ಅಕ್ಷರಗಳು ಎದ್ದು ಕಂಡವು; ಕೊನೆಯ ಸಾಲುಗಳು ಮಣ್ಣಿನೊಳಗಿದ್ದವು. ಅಲ್ಲಿಗೆ ಬಂದ ಹಿರಿಯ ಹೆಂಗಸೊಬ್ಬರನ್ನು, "ಅಮ್ಮಾ, ಇದನ್ನ ಯಾರು ನೋಡ್ಕೊಳ್ತಾರೆ?" ಎಂದು ಕೇಳಿದೆ. "ನೋಡ್ಕೊಳ್ಳೋದೇನು ಸಾರ್, ನಮ್ಮ ವೀರಗಾರಪ್ಪ ಅಲ್ವಾ? ಮಳೆ ಬರ್ದಿದ್ರೆ ಊರವರೆಲ್ಲ ಬಂದು ಇದಕ್ಕೇ ನೀರು ಹುಯ್ಯೋದು" ಎಂದರು. ತುರುಗಳನ್ನು ಸೂರೆ ಮಾಡಲು ಬಂದವರನ್ನು ತಡೆದು ಸತ್ತವನ ಕಲ್ಲು ಅದು. ಸೂರೆಯ ವಿರುದ್ಧ ನಿಂತವರ ಹೆಸರನ್ನು ಕಲ್ಲಿನಲ್ಲಿ ಬರೆಸುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಇಷ್ಟು ಹಳೆಯದು. ಎಲ್ಲ ಊರಿನಲ್ಲೂ ಇಂಥ ಅಮ್ಮಂದಿರು ಸಿಗುವುದಿಲ್ಲ. ಸಂಪುಟದಲ್ಲಿರುವ ಕೆಲವು ಕಲ್ಲುಗಳು ಹೇಳಿದ ಜಾಗದಲ್ಲಿಲ್ಲ. ಒಂದು ಚರಂಡಿಯ ಮೇಲಿನ ಚಪ್ಪಡಿಯಾಗಿದೆ, ಒಂದರ ಜಾಗದಲ್ಲಿ ಬಡಾವಣೆ ಎದ್ದಿದೆ. ಇಲ್ಲವೆಂದು ಹೇಳಲು ನಮಗೆ ಸಾಧ್ಯವಾದದ್ದೇ ಅವು ಅಲ್ಲಿದ್ದವೆಂದು 1905ರಲ್ಲಿ ಅಚ್ಚಾದದ್ದರಿಂದ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಅಲ್ಲಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಅಂಥ ಕೆಲಸ ನಮ್ಮ ಮೂರು ಜಿಲ್ಲೆಗಳಿಗೂ ಬರಬೇಕು.

ನಾವು ಮಾಡುವುದು ಅದಕ್ಕಿಂತ ಬಹಳ ಸಣ್ಣದು. ಪ್ರತಿ ಕಲ್ಲಿಗೂ ನಾಲ್ಕು ಕಡೆಯ ಫೋಟೋ, ಅಳತೆ, ಸಂಪುಟದ ಸಂಖ್ಯೆ, ಊರವರು ಕರೆಯುವ ಹೆಸರು, ಒಡೆದ ಜಾಗದ ಗುರುತು, ಇಷ್ಟನ್ನು ಒಂದು ಹಾಳೆಯಲ್ಲಿ ತುಂಬುತ್ತೇವೆ. ಪ್ರತಿಗಳನ್ನು ಒಂದಕ್ಕಿಂತ ಹೆಚ್ಚು ಊರುಗಳಲ್ಲಿ ಇಡುತ್ತೇವೆ. ಫೋಟೋವನ್ನು ಜಾಲತಾಣದಲ್ಲಿ ಹಾಕಿದರೂ ಕಲ್ಲು ನಿಂತಿರುವ ನಿಖರ ಜಾಗವನ್ನು ಹಾಕುವುದಿಲ್ಲ. ದೇವಸ್ಥಾನದ ಲೋಹದ ವಿಗ್ರಹಗಳನ್ನೂ ಮನೆಗಳಲ್ಲಿರುವ ತಾಮ್ರಶಾಸನ, ತಾಳೆಗರಿಗಳನ್ನೂ ಇದೇ ಹಾಳೆಗೆ ಸೇರಿಸಬೇಕೆಂಬ ಆಸೆಯಿದೆ. ಆದರೆ ಅದಕ್ಕೆ ಅರ್ಚಕರ ಮತ್ತು ಮನೆಯವರ ನಂಬಿಕೆ ಗಳಿಸಬೇಕು, ಅವಸರ ಮಾಡುವಂತಿಲ್ಲ. ನಿಮ್ಮ ಊರು ಕೋಲಾರ, ಚಿಕ್ಕಬಳ್ಳಾಪುರ ಅಥವಾ ತುಮಕೂರು ಜಿಲ್ಲೆಯಲ್ಲಿದ್ದರೆ, ಸಂಪುಟದಲ್ಲಿ ಅದರ ಹೆಸರನ್ನು ಹುಡುಕಿ, ಅಲ್ಲಿ ಹೇಳಿದ ಕಲ್ಲು ಈಗಲೂ ಅಲ್ಲಿದೆಯೇ ಎಂದು ಒಮ್ಮೆ ಹೋಗಿ ನೋಡಿ ನನಗೆ ಬರೆಯಿರಿ. ಕಲ್ಲು ಇದ್ದರೆ ಹಾಳೆಯನ್ನು ಕಳಿಸುತ್ತೇನೆ. ಇಲ್ಲದಿದ್ದರೆ, ಅದನ್ನು ಕೊನೆಯದಾಗಿ ಕಂಡವರು ಯಾರು, ಯಾವ ವರ್ಷದಲ್ಲಿ ಎಂದು ಊರಿನ ಹಿರಿಯರನ್ನು ಕೇಳಿ ತಿಳಿಸಿ.